ಮೂಳೆಯ 'ಪೆಕೋಮ': ಒಂದು ಹೆಸರಿನ ಆಧಾರ ವಿಮರ್ಶೆ

ಇತಿಹಾಸದ ಅಧ್ಯಾಪಕನೊಬ್ಬನು ರೋಗಶಾಸ್ತ್ರದ ಲೇಖನಗಳನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ವಾಚಕರಲ್ಲಿ ಕೆಲವರಿಗೆ ತೋರಬಹುದು. ಗೆಡ್ಡೆಗಳಿಗೆ ಮದ್ದು ಹೇಳುವ ಅಧಿಕಾರ ನನಗಿಲ್ಲ. ಆದರೆ ಒಂದು ರೋಗಕ್ಕೆ ಹೆಸರು ಬಂದ ಬಗೆ, ಆ ಹೆಸರನ್ನು ಹೊತ್ತ ಸಾಕ್ಷ್ಯದ ಮೊತ್ತ, ಹಳೆಯ ದಾಖಲೆಗಳನ್ನು ಹೊಸ ಹೆಸರಿನಡಿಯಲ್ಲಿ ಸೇರಿಸುವ ಕ್ರಮ ಇವೆಲ್ಲ ಇತಿಹಾಸ ವಿಮರ್ಶೆಯ ಎಲ್ಲೆಯೊಳಗೇ ಬರತಕ್ಕವು. ಮೂಳೆಯಲ್ಲಿ ಅತಿವಿರಳವಾಗಿ ಕಾಣಿಸಿಕೊಳ್ಳುವ 'ಪೆಕೋಮ'ವು ಇಂಥ ವಿಮರ್ಶೆಗೆ ತಕ್ಕ ವಸ್ತುವಾಗಿದೆ.

'ಪೆರಿವ್ಯಾಸ್ಕುಲರ್ ಎಪಿಥೆಲಿಯಾಯ್ಡ್ ಸೆಲ್' ಎಂಬುದರ ಮೊದಲಕ್ಷರಗಳಿಂದ 'ಪೆಕ್' ಎಂಬ ಹ್ರಸ್ವನಾಮವು ಹುಟ್ಟಿತು. ರಕ್ತನಾಳಗಳ ಸುತ್ತ ಗುಂಪುಗೂಡುವ, ಅಂಗಗಳ ಹೊದಿಕೆಯ ಕೋಶಗಳನ್ನು ಆಕಾರದಲ್ಲಿ ಹೋಲುವ ಜೀವಕೋಶವೆಂದು ಇದರ ಅರ್ಥ. ಸೂಕ್ಷ್ಮದರ್ಶಕದಲ್ಲಿ ಇದರ ಒಳರಸವು ತಿಳಿಯಾಗಿ ಇಲ್ಲವೆ ನಸುಗೆಂಪು ಕಣಗಳಿಂದ ಕೂಡಿ ತೋರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಗುರುತುಗಳಾದ ಎಚ್.ಎಂ.ಬಿ.-೪೫ ಮತ್ತು ಮೆಲಾನ್-ಎ ಇದರಲ್ಲಿ ಕಾಣುತ್ತವೆ. ಅದರೊಡನೆ ಸ್ನಾಯುವಿನ ಗುರುತಾದ ಆಕ್ಟಿನ್ ಸಹ ಬಹುಮಟ್ಟಿಗೆ ಕಾಣುತ್ತದೆ. ಆರೋಗ್ಯವಂತ ದೇಹದಲ್ಲಿಯಾದರೋ ಇಂಥ ಕೋಶವನ್ನು ಯಾರೂ ಗುರುತಿಸಿಲ್ಲ. ಸಂತಾನ ಕಣ್ಣಮುಂದಿದೆ, ಮೂಲಪುರುಷನ ಪತ್ತೆಯಿಲ್ಲ.

ಹೆಸರಿನ ಚರಿತ್ರೆ ಇನ್ನೂ ಸ್ವಾರಸ್ಯವಾಗಿದೆ. ೧೯೪೩ರಲ್ಲಿ ಆಪಿಟ್ಸ್ ಎಂಬ ವಿದ್ವಾಂಸನು ಮೂತ್ರಪಿಂಡದ ಆಂಜಿಯೋಮಯೋಲಿಪೋಮ ಎಂಬ ಗೆಡ್ಡೆಯಲ್ಲಿ ಈ ಕೋಶಗಳನ್ನು ಕಂಡು, ಅವು ವಿಕೃತವಾದ ಸ್ನಾಯುಜನಕ ಕೋಶಗಳೆಂದು ಬಗೆದನು. ೧೯೬೩ರಲ್ಲಿ ಲೀಬೊ ಮತ್ತು ಕ್ಯಾಸಲ್‌ಮನ್ ಎಂಬವರು ಶ್ವಾಸಕೋಶದ ಬೇರೊಂದು ಗೆಡ್ಡೆಯನ್ನು ವಿವರಿಸಿದರು. ಅದರ ಕೋಶಗಳಲ್ಲಿ ಗ್ಲೈಕೋಜನ್ ಹೇರಳವಾಗಿದ್ದುದರಿಂದ ಅದಕ್ಕೆ 'ಸಕ್ಕರೆ ಗೆಡ್ಡೆ'ಯೆಂಬ ಹೆಸರಾಯಿತು. ಇವೆರಡಕ್ಕೂ ಸಂಬಂಧವುಂಟೆಂದು ದೀರ್ಘಕಾಲ ಯಾರೂ ಶಂಕಿಸಿದಂತಿಲ್ಲ. ೧೯೯೨ರಲ್ಲಿ ಇಟಲಿಯ ಬೊನೆಟ್ಟಿ ಮತ್ತು ಸಂಗಡಿಗರು ಎರಡರಲ್ಲಿಯೂ ಇರುವುದು ಒಂದೇ ಬಗೆಯ ಕೋಶವೆಂದು ವಾದಿಸಿ, ಅದಕ್ಕೆ 'ಪೆಕ್' ಎಂದು ನಾಮಕರಣ ಮಾಡಿದರು. ಅದೇ ಗುಂಪಿನ ಝಂಬೋನಿಯು ೧೯೯೬ರಲ್ಲಿ ಮೇದೋಜೀರಕ ಗ್ರಂಥಿಯ ಗೆಡ್ಡೆಯೊಂದನ್ನು ವರ್ಣಿಸುತ್ತ 'ಪೆಕೋಮ' ಎಂಬ ಶಬ್ದವನ್ನು ಬಳಸಿದನು. ೨೦೦೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವು ಇದನ್ನು ಅಂಗೀಕರಿಸಿತು. ಅಂಗೀಕೃತವಾದ ಲಕ್ಷಣವಾಕ್ಯದ ತಾತ್ಪರ್ಯವಿಷ್ಟೆ: ಪೆಕ್ ಕೋಶಗಳಿಂದಾದ ಗೆಡ್ಡೆಯೇ ಪೆಕೋಮ. ಪೆಕ್ ಎಂದರೇನೆಂದು ಕೇಳಿದರೆ, ಪೆಕೋಮಗಳಲ್ಲಿ ದೊರೆಯುವ ಕೋಶವೆನ್ನುವುದರ ಹೊರತು ಬೇರೆ ಉತ್ತರವಿಲ್ಲ. ತರ್ಕಶಾಸ್ತ್ರದಲ್ಲಿ ಇದನ್ನು ಅನ್ಯೋನ್ಯಾಶ್ರಯ ದೋಷವೆನ್ನುತ್ತಾರೆ.

ಗುರುತಿನಿಂದ ಕುಲವನ್ನು ನಿರ್ಣಯಿಸುವ ತೊಡಕು ನಮ್ಮ ಕ್ಷೇತ್ರಕ್ಕೂ ಹೊಸದಲ್ಲ. 'ಲಟ್ಟಲೂರು ಪುರವರಾಧೀಶ್ವರ' ಎಂಬ ಬಿರುದು ರಾಷ್ಟ್ರಕೂಟರಿಗೂ ಇದೆ, ಸವದತ್ತಿಯ ರಟ್ಟರಿಗೂ ಇದೆ. ಬಿರುದು ಸಮಾನವಾದ ಮಾತ್ರಕ್ಕೆ ರಕ್ತಸಂಬಂಧ ಸಿದ್ಧವಾಯಿತೆಂದು ಎಚ್ಚರವುಳ್ಳ ಶಾಸನಜ್ಞರು ಹೇಳುವುದಿಲ್ಲ. ರಟ್ಟರು ಹಾಗೆ ಹೇಳಿಕೊಳ್ಳಲು ಬಯಸಿದರೆಂಬುದಷ್ಟೇ ಅದರಿಂದ ಖಚಿತ. ಕೋಶಕ್ಕೆ ಬಯಕೆಯಿಲ್ಲ ನಿಜ, ಆದರೆ ಅದಕ್ಕೆ ಬಿರುದು ಕೊಡುವವರಿಗೆ ಉಂಟು.

ಇನ್ನು ಮೂಳೆಯ ವಿಚಾರ. ೨೦೦೨ರಲ್ಲಿ ಇನ್ಸಬಾಟೊ ಮತ್ತು ಸಂಗಡಿಗರು ಮೂಳೆಯಲ್ಲಿಯೇ ಹುಟ್ಟಿದ ಇಂಥ ಗೆಡ್ಡೆಯನ್ನು ಪ್ರಕಟಿಸಿದಾಗ ಅದನ್ನು ಎಪಿಥೆಲಿಯಾಯ್ಡ್ ಆಂಜಿಯೋಮಯೋಲಿಪೋಮವೆಂದೇ ಕರೆದಿದ್ದರು. ಆದುದರಿಂದ 'ಪೆಕೋಮ' ಎಂಬ ಶಬ್ದವನ್ನು ಹಿಡಿದು ಹುಡುಕುವವನಿಗೆ ಈ ದಾಖಲೆಯು ಸುಲಭವಾಗಿ ಸಿಕ್ಕದು. ೨೦೧೦ರಲ್ಲಿ ಯಮಶಿತ ಮತ್ತು ಫ್ಲೆಚರ್ ಆರು ಪ್ರಕರಣಗಳನ್ನು ಕಲೆಹಾಕಿದರು. ಈ ವಿಷಯದಲ್ಲಿ ಇದಕ್ಕಿಂತ ಗಟ್ಟಿಯಾದ ಲೇಖನವನ್ನು ನಾನು ಓದಿಲ್ಲ. ಅದರ ಶೀರ್ಷಿಕೆಯಲ್ಲಿಯೇ ಒಂದು ವಿವೇಕವಿದೆ: ಮೂಳೆಯಲ್ಲಿ 'ಹುಟ್ಟಿದ' ಎನ್ನದೆ, ಮೂಳೆಯಲ್ಲಿ 'ಕಾಣಿಸಿಕೊಂಡ' ಪೆಕೋಮ ಎಂದಿದ್ದಾರೆ. ಈ ಒಂದು ಶಬ್ದಕ್ಕೆ ಹೆಚ್ಚಿನ ಬೆಲೆಯುಂಟು. ಗರ್ಭಕೋಶ, ಮೂತ್ರಪಿಂಡ ಮೊದಲಾದೆಡೆ ಹುಟ್ಟಿದ ಗೆಡ್ಡೆಯು ಮೂಳೆಗೆ ಹರಡಿ, ಅಲ್ಲಿಯೇ ಮೊದಲು ನೋವಾಗಿ ತೋರಿಕೊಳ್ಳಬಹುದು. ಕ್ಷ-ಕಿರಣ ಚಿತ್ರದಲ್ಲಿ ಮೂಳೆ ಸವೆದು ಟೊಳ್ಳಾದಂತೆ ಕಾಣುವುದು ಇದೊಂದರ ಲಕ್ಷಣವಲ್ಲ. ತಿಳಿಕೋಶಗಳನ್ನು ಕಂಡ ರೋಗಶಾಸ್ತ್ರಜ್ಞನು ಮೂತ್ರಪಿಂಡದ ಕ್ಯಾನ್ಸರು ಹರಡಿದೆಯೇ, ಮೆಲನೋಮವೇ, ಮೃದ್ವಸ್ಥಿಯ ಸಾರ್ಕೋಮವೇ ಎಂದು ಮೊದಲು ಶೋಧಿಸಬೇಕು. ಎಚ್.ಎಂ.ಬಿ.-೪೫ ಒಂದನ್ನೇ ನೆಚ್ಚಿದರೆ ಮೆಲನೋಮವೂ ಪೆಕೋಮವಾಗಿಬಿಡುತ್ತದೆ.

ಸೌಮ್ಯವೋ ಮಾರಕವೋ ಎಂಬ ನಿರ್ಣಯದಲ್ಲಿಯೂ ಒಂದು ದೌರ್ಬಲ್ಯವಿದೆ. ೫ ಸೆಂಟಿಮೀಟರಿಗೆ ಮೀರಿದ ಗಾತ್ರ, ಸುತ್ತಲ ಅಂಗಾಂಶಕ್ಕೆ ನುಗ್ಗುವಿಕೆ, ಕೋಶಕೇಂದ್ರದ ವಿಕಾರ, ಕೋಶವಿಭಜನೆಯ ವೇಗ, ಕೊಳೆತ ಭಾಗ, ರಕ್ತನಾಳ ಪ್ರವೇಶ ಎಂಬ ಅಳತೆಗಳನ್ನು ಫೋಲ್ಪ್ ಮತ್ತು ಸಂಗಡಿಗರು ೨೦೦೫ರಲ್ಲಿ ಸೂಚಿಸಿದರು. ಆ ಅಧ್ಯಯನದ ೨೬ ಪ್ರಕರಣಗಳು ಮೃದು ಅಂಗಾಂಶಗಳಿಗೂ ಸ್ತ್ರೀಯರ ಜನನಾಂಗಗಳಿಗೂ ಸೇರಿದವು. ಗರ್ಭಕೋಶದಲ್ಲಿ ೫ ಸೆಂಟಿಮೀಟರ್ ಎಂಬುದಕ್ಕಿರುವ ಅರ್ಥವೇ ಕಾಲಿನ ಸಣ್ಣ ಮೂಳೆಯಲ್ಲಿಯೂ ಇರುತ್ತದೆಯೆ? ಎರವಲು ತಂದ ಕೊಳಗದಿಂದ ಅಳೆಯುತ್ತಿದ್ದೇವೆಂಬುದನ್ನಾದರೂ ವರದಿಗಾರರು ಒಪ್ಪಿಕೊಳ್ಳಬೇಕು.

ಇದು ಬರಿಯ ಶಬ್ದವಿವಾದವೆನ್ನುವವರಿಗೆ ಉತ್ತರವು ಔಷಧದ ಕಡೆಯಿಂದ ದೊರೆಯುತ್ತದೆ. ಅನೇಕ ಪೆಕೋಮಗಳಲ್ಲಿ ಟಿ.ಎಸ್.ಸಿ.೨ ಅಥವಾ ಟಿ.ಎಸ್.ಸಿ.೧ ಎಂಬ ಜೀನು ಕೆಟ್ಟು, ಎಂಟಾರ್ ಎಂಬ ಬೆಳವಣಿಗೆಯ ವ್ಯವಸ್ಥೆಯು ಕಡಿವಾಣ ಕಳೆದುಕೊಂಡಿರುತ್ತದೆ. ಅದನ್ನು ತಡೆಯುವ ಸಿರೋಲಿಮಸ್, ಈಸ್ಟರ್ ದ್ವೀಪದ ಮಣ್ಣಿನ ಜೀವಾಣುವಿನಿಂದ ಬಂದದ್ದು. ೧೯೭೫ರಲ್ಲಿ ಅದನ್ನು ವಿವರಿಸಿದವರಲ್ಲಿ ಭಾರತ ಸಂಜಾತರಾದ ಸುರೇಂದ್ರನಾಥ ಸೆಹಗಲರೂ ಒಬ್ಬರು. ಅಲ್ಬುಮಿನ್ನಿನೊಡನೆ ಬೆಸೆದ ಅದರ ರೂಪಕ್ಕೆ ೨೦೨೧ರಲ್ಲಿ ಅಮೆರಿಕದಲ್ಲಿ ಮಾರಕ ಪೆಕೋಮದ ಚಿಕಿತ್ಸೆಗೆ ಅನುಮತಿ ದೊರೆಯಿತು. ಆ ಪರೀಕ್ಷೆಯಲ್ಲಿ ಗಣನೆಗೆ ಬಂದ ೩೧ ರೋಗಿಗಳಲ್ಲಿ ೧೨ ಮಂದಿಯ ಗೆಡ್ಡೆ ಕುಗ್ಗಿತು, ಆದರೆ ಟಿ.ಎಸ್.ಸಿ.೨ ಕೆಟ್ಟಿದ್ದ ೯ ಮಂದಿಯಲ್ಲಿ ೮ ಮಂದಿಗೆ ಗುಣ ಕಂಡಿತು. ಇತ್ತ ೨೦೧೦ರಲ್ಲಿ ಅರ್ಗಾನಿ ಮತ್ತು ಸಂಗಡಿಗರು ಟಿ.ಎಫ್.ಇ.೩ ಜೀನಿನ ಮರುಜೋಡಣೆಯಿಂದ ಉಂಟಾಗುವ, ಸ್ನಾಯುವಿನ ಗುರುತು ಅಷ್ಟಾಗಿ ತೋರದ ಇನ್ನೊಂದು ಪಂಗಡವನ್ನು ಬೇರ್ಪಡಿಸಿದ್ದರು. ಹೀಗಿರುವಲ್ಲಿ ಒಂದೇ ಹೆಸರಿನಡಿ ಎರಡು ಕುಲಗಳಿವೆಯೆಂಬ ಶಂಕೆ ಬಲವಾಗುತ್ತದೆ. ಹೆಸರನ್ನೇ ನಂಬಿ ಔಷಧ ಕೊಟ್ಟಲ್ಲಿ ನಷ್ಟಪಡುವವನು ಗ್ರಂಥಕರ್ತನಲ್ಲ, ರೋಗಿ.

ಆದಕಾರಣ ಮೂಳೆಯ ಪೆಕೋಮವನ್ನು ಹೊಸದಾಗಿ ವರದಿಮಾಡುವವರು ರೋಗಿಗೆ ಹಿಂದೆ ಆದ ಶಸ್ತ್ರಕ್ರಿಯೆಗಳನ್ನು, ಮುಖ್ಯವಾಗಿ ಗರ್ಭಕೋಶದ ಗೆಡ್ಡೆಗಳ ಹಳೆಯ ಗಾಜುಫಲಕಗಳ ಮರುಪರೀಕ್ಷೆಯನ್ನು, ಕೆಟ್ಟಿರುವ ಜೀನು ಯಾವುದೆಂಬುದನ್ನು, ಎಷ್ಟು ವರ್ಷ ರೋಗಿಯನ್ನು ಗಮನಿಸಲಾಯಿತೆಂಬುದನ್ನು ದಾಖಲಿಸಬೇಕು. ಇವಿಲ್ಲದ ಪ್ರಕರಣವನ್ನು 'ಮೂಳೆಯಲ್ಲಿ ಕಾಣಿಸಿಕೊಂಡ' ಎಂಬ ಪಟ್ಟಿಗೆ ಸೇರಿಸಲು ನನ್ನ ಆಕ್ಷೇಪವಿಲ್ಲ. 'ಮೂಳೆಯಲ್ಲಿಯೇ ಹುಟ್ಟಿದ' ಎಂಬ ಪಟ್ಟಿಗೆ ಸೇರಿಸುವುದನ್ನು ಮಾತ್ರ ಒಪ್ಪಲಾರೆ.