ಎಲ್ಲ ಯೋಜನೆಗೂ ಒಂದೇ ದರ: ಬಂಡವಾಳ ವೆಚ್ಚದ ಬಳಕೆಯ ವಿಮರ್ಶೆ

ದೊಡ್ಡ ಕಂಪನಿಗಳು ಹೊಸ ಕಾರ್ಖಾನೆಗೋ ಹೊಸ ಉತ್ಪನ್ನಕ್ಕೋ ಹೊರದೇಶದ ಮಾರುಕಟ್ಟೆಗೋ ಹಣ ತೊಡಗಿಸುವ ಮುನ್ನ, ಆ ಯೋಜನೆಯಿಂದ ಮುಂದಿನ ವರ್ಷಗಳಲ್ಲಿ ಬರಬಹುದಾದ ನಗದನ್ನು ಅಂದಾಜು ಮಾಡಿ, ಅದನ್ನು ಒಂದು ದರದಲ್ಲಿ ಇಂದಿನ ಬೆಲೆಗೆ ಇಳಿಸಿ, ಬಂದ ಮೊತ್ತ ಹೂಡಿಕೆಗಿಂತ ಹೆಚ್ಚಾಗಿದ್ದರೆ ಒಪ್ಪಿಗೆ ಕೊಡುತ್ತವೆ. ಆ ಹೆಚ್ಚುವರಿಗೆ ನಿವ್ವಳ ವರ್ತಮಾನ ಮೌಲ್ಯವೆಂದೂ, ಇಳಿಸಲು ಬಳಸುವ ದರಕ್ಕೆ ಸೋಡಿ ದರವೆಂದೂ ಹೆಸರು. ಈ ವಿಧಾನದ ತರ್ಕದಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಸೋಡಿ ದರವನ್ನು ಗೊತ್ತುಪಡಿಸುವ ರೂಢಿಯಲ್ಲಿ: ಹಣಕಾಸು ವಿಭಾಗವು ಇಡೀ ಕಂಪನಿಗೆ ಒಂದು ದರವನ್ನು ಲೆಕ್ಕ ಹಾಕಿ ಸುತ್ತೋಲೆ ಹೊರಡಿಸುತ್ತದೆ, ಹಳೆಯ ಬಾಯ್ಲರ್ ಬದಲಿಸುವ ಪ್ರಸ್ತಾವಕ್ಕೂ ಕಂಪನಿ ಹಿಂದೆಂದೂ ಕಾಲಿಡದ ಉದ್ಯಮಕ್ಕೆ ಇಳಿಯುವ ಪ್ರಸ್ತಾವಕ್ಕೂ ಅದೇ ದರ ಅನ್ವಯವಾಗುತ್ತದೆ.

ಆ ದರ ಹುಟ್ಟುವ ಬಗೆಯನ್ನು ಕಲ್ಪಿತ ಅಂಕಿಗಳಲ್ಲಿ ನೋಡಬಹುದು. ಒಂದು ಕಂಪನಿಯ ಬಂಡವಾಳದಲ್ಲಿ ಶೇ 60 ಭಾಗ ಷೇರುದಾರರದು, ಅವರ ನಿರೀಕ್ಷೆ ಶೇ 14. ಉಳಿದ ಶೇ 40 ಭಾಗ ಸಾಲ, ಅದರ ಬಡ್ಡಿ ಶೇ 9. ಬಡ್ಡಿಗೆ ತೆರಿಗೆ ವಿನಾಯಿತಿ ಸಿಗುವುದರಿಂದ, ಶೇ 25ರ ತೆರಿಗೆಯಲ್ಲಿ ಸಾಲದ ನಿಜವಾದ ವೆಚ್ಚ ಶೇ 6.75ಕ್ಕೆ ಇಳಿಯುತ್ತದೆ. ಎರಡನ್ನೂ ಅವುಗಳ ಪಾಲಿಗೆ ತಕ್ಕಂತೆ ಕೂಡಿಸಿದರೆ 8.4 ಮತ್ತು 2.7 ಸೇರಿ ಶೇ 11.1 ಆಗುತ್ತದೆ. ತೂಕಭರಿತ ಸರಾಸರಿ ಬಂಡವಾಳ ವೆಚ್ಚವೆಂದರೆ ಇದೇ. ಇಲ್ಲಿ ವೆಚ್ಚವೆಂದರೆ ಲೆಕ್ಕಪುಸ್ತಕದಲ್ಲಿ ಬರೆಯುವ ಖರ್ಚಲ್ಲ. ಅಷ್ಟೇ ನಷ್ಟಭಯವಿರುವ ಬೇರೊಂದು ಕಡೆ ಹಣ ಹಾಕಿದ್ದರೆ ಹೂಡಿಕೆದಾರರು ಗಳಿಸಬಹುದಾಗಿದ್ದ ಪ್ರತಿಫಲ. ಈ ವ್ಯಾಖ್ಯೆಯಲ್ಲಿರುವ ‘ಅಷ್ಟೇ ನಷ್ಟಭಯವಿರುವ’ ಎಂಬ ಷರತ್ತನ್ನೇ ಸುತ್ತೋಲೆಯ ದರ ಮರೆಯುತ್ತದೆ.

ಸಿದ್ಧಾಂತ ಅದನ್ನು ಎಂದೂ ಮರೆತಿರಲಿಲ್ಲ. ಫ್ರಾಂಕೋ ಮೊಡಿಗ್ಲಿಯಾನಿ ಮತ್ತು ಮರ್ಟನ್ ಮಿಲ್ಲರ್ 1958ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದ ವಾದವು ಕಂಪನಿಗಳನ್ನು ಸಮಾನ ನಷ್ಟಭಯದ ವರ್ಗಗಳಾಗಿ ವಿಂಗಡಿಸಿದ ಮೇಲೆಯೇ ಮುಂದುವರಿಯುತ್ತದೆ. ಅವರು ಹೇಳುವ ಹೂಡಿಕೆಯ ಕನಿಷ್ಠ ದರ ಆಯಾ ವರ್ಗಕ್ಕೆ ಸೇರಿದ ದರ. ವಿಲಿಯಂ ಶಾರ್ಪ್ 1964ರಲ್ಲಿ ಮಂಡಿಸಿದ ಮಾದರಿ ಈ ಅಳತೆಯನ್ನು ಇನ್ನೂ ಖಚಿತಗೊಳಿಸಿತು. ಹತ್ತಾರು ಕಂಪನಿಗಳಲ್ಲಿ ಹಣ ಹಂಚಿಟ್ಟವನಿಗೆ ಒಂದೊಂದು ಕಂಪನಿಯ ಬಿಡಿ ಏರಿಳಿತಗಳು ಪರಸ್ಪರ ತಗ್ಗಿಹೋಗುವುದರಿಂದ, ಇಡೀ ಮಾರುಕಟ್ಟೆಯ ಜೊತೆಗೆ ಏರಿ ಇಳಿಯುವ ಪಾಲಿಗೆ ಮಾತ್ರ ಹೆಚ್ಚಿನ ಪ್ರತಿಫಲ ಸಲ್ಲುತ್ತದೆ ಎಂಬುದು ಅದರ ತಿರುಳು. ಮಾರುಕಟ್ಟೆ ಶೇ 1ರಷ್ಟು ಏರಿದಾಗ ಒಂದು ಷೇರು ಸರಾಸರಿ ಎಷ್ಟು ಏರುತ್ತದೆ ಎಂಬ ಅಂಕಿಯೇ ಬೀಟಾ. ಇದರಂತೆ ಬಂಡವಾಳದ ವೆಚ್ಚ ನಿರ್ಧಾರವಾಗುವುದು ಹಣ ಎಲ್ಲಿಂದ ಬಂತು ಎಂಬುದರಿಂದಲ್ಲ, ಎಲ್ಲಿಗೆ ಹೋಗುತ್ತದೆ ಎಂಬುದರಿಂದ.

ಮೇಲಿನ ಕಂಪನಿಯ ಮುಂದೆ ಎರಡು ಪ್ರಸ್ತಾವಗಳಿವೆ ಎಂದಿಟ್ಟುಕೊಳ್ಳೋಣ. ಮೊದಲನೆಯದು ಮಾರುಕಟ್ಟೆಯ ಏರಿಳಿತಕ್ಕೆ ಅಷ್ಟಾಗಿ ಸಿಗದ ಸುಭದ್ರ ಯೋಜನೆ; ಅದಕ್ಕೆ ನ್ಯಾಯವಾದ ದರ ಶೇ 9, ಅದರ ಗಳಿಕೆ ಶೇ 10. ಎರಡನೆಯದಕ್ಕೆ ನ್ಯಾಯವಾದ ದರ ಶೇ 15, ಗಳಿಕೆ ಶೇ 13. ಶೇ 11.1ರ ಏಕ ದರವು ಷೇರುದಾರರ ಸಂಪತ್ತನ್ನು ಬೆಳೆಸುವ ಮೊದಲನೆಯದನ್ನು ತಳ್ಳಿಹಾಕಿ, ಅದನ್ನು ಕರಗಿಸುವ ಎರಡನೆಯದನ್ನು ಬರಮಾಡಿಕೊಳ್ಳುತ್ತದೆ. ತಪ್ಪು ಒಂದೇ ದಿಕ್ಕಿಗೆ ವಾಲಿರುವುದು ಇಲ್ಲಿ ಗಂಭೀರವಾದ ಸಂಗತಿ, ಏಕೆಂದರೆ ಇದೇ ರೀತಿ ವರ್ಷಗಳ ಕಾಲ ಆಯ್ಕೆ ಮಾಡುತ್ತ ಹೋದ ಕಂಪನಿ ತನಗೆ ಅರಿವಿಲ್ಲದೆಯೇ ಹೆಚ್ಚು ನಷ್ಟಭಯದ ಕಂಪನಿಯಾಗಿ ಮಾರ್ಪಟ್ಟಿರುತ್ತದೆ.

ಈ ರೂಢಿ ಎಷ್ಟು ಹರಡಿದೆ ಎಂಬುದಕ್ಕೆ ಜಾನ್ ಗ್ರಹಾಂ ಮತ್ತು ಕ್ಯಾಂಪ್‌ಬೆಲ್ ಹಾರ್ವೆ 2001ರಲ್ಲಿ ಪ್ರಕಟಿಸಿದ ಸಮೀಕ್ಷೆಯೇ ಸಾಕ್ಷಿ. ಉತ್ತರಿಸಿದ 392 ಹಣಕಾಸು ಮುಖ್ಯಸ್ಥರಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಜನ ಷೇರು ಬಂಡವಾಳದ ವೆಚ್ಚವನ್ನು ಕಂಡುಕೊಳ್ಳಲು ಶಾರ್ಪ್ ಮಾದರಿಯನ್ನೇ ಬಳಸುತ್ತಿದ್ದರು. ಆದರೂ ಹೊರದೇಶದ ಹೊಸ ಯೋಜನೆಯೊಂದನ್ನು ತೂಗುವಾಗ ಇಡೀ ಕಂಪನಿಯ ದರವನ್ನೇ ಸದಾ ಅಥವಾ ಹೆಚ್ಚುಕಡಿಮೆ ಸದಾ ಬಳಸುವುದಾಗಿ ಶೇ 59ರಷ್ಟು ಜನ ಹೇಳಿದರು. ಮಾದರಿಯ ಸೂತ್ರವನ್ನು ಸ್ವೀಕರಿಸಿ ಅದರ ಅರ್ಥವನ್ನು ಹೊರಗೇ ನಿಲ್ಲಿಸಿದಂತಾಯಿತು. ಇದರ ಪರಿಣಾಮವನ್ನು 2015ರಲ್ಲಿ ಕ್ರೂಗರ್, ಲಾಂಡಿಯೆ ಮತ್ತು ಥೆಸ್ಮಾರ್ ಅಂಕಿಅಂಶಗಳಲ್ಲಿ ತೋರಿಸಿದರು: ಹಲವು ಉದ್ಯಮಗಳುಳ್ಳ ಕಂಪನಿಗಳು, ಮೂಲ ಉದ್ಯಮಕ್ಕಿಂತ ಬೀಟಾ ಹೆಚ್ಚಿರುವ ವಿಭಾಗಗಳಲ್ಲಿ ಹೆಚ್ಚು ಹಣ ಹೂಡುತ್ತವೆ.

ಏಕ ದರದ ಪರವಾಗಿ ಹೇಳುವುದಕ್ಕೂ ಇದೆ, ಅದು ಹಗುರವಾದ ವಾದವಲ್ಲ. ಪ್ರತಿ ವಿಭಾಗಕ್ಕೂ ಬೇರೆ ದರವೆಂದರೆ ಪ್ರತಿ ವಿಭಾಗದ ಮುಖ್ಯಸ್ಥನೂ ತನ್ನ ದರ ಇಳಿಸಿಕೊಳ್ಳಲು ಹಗ್ಗಜಗ್ಗಾಟಕ್ಕೆ ನಿಲ್ಲುತ್ತಾನೆ. ಇದಕ್ಕಿಂತ ಬಲವಾದ ಆಕ್ಷೇಪ ಅಳತೆಯದು: ಯೂಜಿನ್ ಫಾಮಾ ಮತ್ತು ಕೆನೆತ್ ಫ್ರೆಂಚ್ 1997ರಲ್ಲಿ, ಇಡೀ ಉದ್ಯಮಗಳ ಷೇರು ಬಂಡವಾಳದ ವೆಚ್ಚವನ್ನು ಅಂದಾಜು ಮಾಡುವಾಗಲೂ ಪ್ರಮಾಣಿತ ದೋಷ ವರ್ಷಕ್ಕೆ ಶೇ 3ನ್ನು ಮೀರುತ್ತದೆ ಎಂದು ತೋರಿಸಿದ್ದಾರೆ. ಹಾಗಿದ್ದರೂ ಈ ವಾದವು ಏಕ ದರವನ್ನು ಉಳಿಸಲಾರದು, ಏಕೆಂದರೆ ಕಂಪನಿಯ ಸರಾಸರಿ ದರವೂ ಅದೇ ಮಸುಕಾದ ಅಂದಾಜುಗಳಿಂದಲೇ ಹುಟ್ಟಿದ್ದು, ಅದರ ಮೇಲೆ ತಪ್ಪು ವರ್ಗದ ದೋಷವೂ ಸೇರಿಕೊಂಡಿರುತ್ತದೆ. ಸಿಮೆಂಟ್ ಕಂಪನಿಯೊಂದು ಬಣ್ಣದ ವ್ಯಾಪಾರಕ್ಕೆ ಇಳಿಯುವುದಾದರೆ, ಷೇರುಪೇಟೆಯಲ್ಲಿರುವ ಬಣ್ಣದ ಕಂಪನಿಗಳ ಬೀಟಾಗಳಿಂದ ಅವುಗಳ ಸಾಲದ ಪ್ರಭಾವವನ್ನು ಕಳೆದು, ಸರಾಸರಿ ತೆಗೆದು, ಹೊಸ ಯೋಜನೆಯ ಸಾಲಕ್ಕೆ ತಕ್ಕಂತೆ ಮತ್ತೆ ಹೊಂದಿಸಿಕೊಳ್ಳುವುದು ಒಂದು ವಾರದ ಕೆಲಸವೂ ಅಲ್ಲ. ಮೂರೋ ನಾಲ್ಕೋ ದರಗಳ ಒಂದು ಮೆಟ್ಟಿಲುಸಾಲು ಇದ್ದರೂ ಸಾಕು, ದೊಡ್ಡ ತಪ್ಪುಗಳು ತಪ್ಪುತ್ತವೆ.

ಏಕ ದರವನ್ನು ಬಿಟ್ಟ ಕಂಪನಿಗಳು ಬೀಳುವ ಗುಂಡಿ ಬೇರೆ. ಯೋಜನೆಯ ಬಗ್ಗೆ ಯಾವ ಆತಂಕ ಕಂಡರೂ ದರದ ಮೇಲೆ ಶೇ 3, ಶೇ 5 ಎಂದು ಹೇರುವ ಅಭ್ಯಾಸ ಎಚ್ಚರಿಕೆಯಂತೆ ತೋರಿದರೂ, ಏಕ ದರದಷ್ಟೇ ಅವಿಚಾರದ್ದು. ಒಂದು ಹೊಸ ಔಷಧಕ್ಕೆ ಎರಡು ವರ್ಷಗಳೊಳಗೆ ಪರವಾನಗಿ ಸಿಗುವ ಸಂಭವ ಶೇ 60, ಸಿಕ್ಕ ಮೇಲೆ ಅದು ಸಾಮಾನ್ಯ ವ್ಯಾಪಾರ ಎಂದುಕೊಂಡರೆ, ಎಲ್ಲ ವರ್ಷಗಳ ನಗದನ್ನೂ 0.6ರಿಂದ ಗುಣಿಸಿ ಶೇ 10ರಲ್ಲಿ ಇಳಿಸುವುದು ಸರಿಯಾದ ಲೆಕ್ಕ. ಅದರ ಬದಲು ದರವನ್ನೇ ಶೇ 15ಕ್ಕೆ ಏರಿಸಿದರೆ, ಮೂರನೆಯ ವರ್ಷದ ನಗದಿಗೆ ಬೀಳುವ ಕಡಿತ ಶೇ 12.5ರಷ್ಟೇ, ಇಪ್ಪತ್ತನೆಯ ವರ್ಷದ್ದಕ್ಕೆ ಸುಮಾರು ಶೇ 59. ಎರಡೂ ಕಡೆ ಇರಬೇಕಾದದ್ದು ಶೇ 40. ಚಕ್ರಬಡ್ಡಿಯಂತೆ ಬೆಳೆಯುವ ಈ ದಂಡ ದೀರ್ಘಾವಧಿಯ ಯೋಜನೆಗಳನ್ನು ಅನ್ಯಾಯವಾಗಿ ಕೊಲ್ಲುತ್ತದೆ, ಬೇಗ ಹಣ ಬರುವಂಥವನ್ನು ಅಷ್ಟೇ ಅನ್ಯಾಯವಾಗಿ ಪೋಷಿಸುತ್ತದೆ.

ಮೊಟೊರೊಲಾ ಬೆಂಬಲದಿಂದ ನಿಂತ ಇರಿಡಿಯಂ ಉಪಗ್ರಹ ದೂರವಾಣಿ ಸುಮಾರು 500 ಕೋಟಿ ಡಾಲರ್ ನುಂಗಿ, 66 ಉಪಗ್ರಹಗಳೊಂದಿಗೆ 1998ರ ನವೆಂಬರ್‌ನಲ್ಲಿ ಸೇವೆ ಆರಂಭಿಸಿ, 1999ರ ಆಗಸ್ಟ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಉಪಗ್ರಹಗಳು ಸಿದ್ಧವಾಗುವಷ್ಟರಲ್ಲಿ ನೆಲದ ಮೊಬೈಲ್ ಗೋಪುರಗಳು ಅದರ ಗ್ರಾಹಕರನ್ನು ಸೆಳೆದುಕೊಂಡಿದ್ದವು. ಇಂಥ ನಷ್ಟಭಯಕ್ಕೆ ಯಾವ ಸೋಡಿ ದರವೂ ಉತ್ತರವಲ್ಲ. ಮೊಬೈಲ್ ಜಾಲ ಇಷ್ಟು ಹರಡಿದರೆ ಗ್ರಾಹಕರೆಷ್ಟು ಉಳಿಯುತ್ತಾರೆ, ಯಾವ ಹಂತದಲ್ಲಿ ಕೈಬಿಟ್ಟರೆ ಎಷ್ಟು ಹಣ ಉಳಿಯುತ್ತದೆ ಎಂಬ ಪ್ರಶ್ನೆಗಳು ನಗದು ಹರಿವಿನ ಪಟ್ಟಿಯೊಳಗೇ ಬರಬೇಕು.

ಹೀಗೆ ಆತಂಕದಿಂದ ಏರಿಸಿದ ದರ ಎಸಗುವ ಅತಿ ದೊಡ್ಡ ಹಾನಿ ಕೊನೆಯಲ್ಲಿ ಖರ್ಚು ಕಾದಿರುವ ಯೋಜನೆಗಳಲ್ಲಿ ಕಾಣುತ್ತದೆ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಳಿಗೆ ಭೂಮಿಯ ಪುನಶ್ಚೇತನ ಯೋಜನೆಯನ್ನು ಸುಪ್ರೀಂ ಕೋರ್ಟ್ ಷರತ್ತಾಗಿ ವಿಧಿಸಿದ ಮೇಲೆ, ಅಗೆದ ನೆಲವನ್ನು ಸರಿಪಡಿಸುವ ಖರ್ಚು ಎಷ್ಟು ವಾಸ್ತವವೆಂದು ಕರ್ನಾಟಕದಲ್ಲಿ ವಿವರಿಸಿ ಹೇಳಬೇಕಾಗಿಲ್ಲ. ಇಪ್ಪತ್ತು ವರ್ಷಗಳ ನಂತರ ಗಣಿ ಮುಚ್ಚಲು 100 ಕೋಟಿ ರೂಪಾಯಿ ಬೇಕೆಂದಾದರೆ ಅದರ ಇಂದಿನ ಬೆಲೆ ಶೇ 10ರಲ್ಲಿ ಸುಮಾರು 15 ಕೋಟಿ, ‘ಎಚ್ಚರಿಕೆ’ಯಿಂದ ಏರಿಸಿದ ಶೇ 15ರಲ್ಲಿ 6 ಕೋಟಿ. ಯೋಜನೆ ಅಪಾಯಕಾರಿ ಎಂದು ದರ ಏರಿಸಿದಷ್ಟೂ ಹೊಣೆ ಹಗುರವಾಗುತ್ತದೆ. ಆ ಖರ್ಚು ಮಾರುಕಟ್ಟೆ ಏರಲಿ ಇಳಿಯಲಿ ಬಂದೇ ಬರುವಂಥದ್ದಾದ್ದರಿಂದ, ಅದಕ್ಕೆ ಸಲ್ಲುವುದು ಸರ್ಕಾರಿ ಸಾಲಪತ್ರದ ಆಸುಪಾಸಿನ ದರ. ಶೇ 7 ಎಂದು ಹಿಡಿದರೆ ಅದು 26 ಕೋಟಿಗೆ ಸಮೀಪ. ಆರು ಕೋಟಿಯ ಲೆಕ್ಕದಲ್ಲಿ ಲಾಭ ತೋರಿಸುವ ಗಣಿ ಇಪ್ಪತ್ತಾರು ಕೋಟಿಯ ಲೆಕ್ಕದಲ್ಲಿ ತೋರಿಸದೇ ಹೋಗಬಹುದು, ಮತ್ತು ನಿರ್ದೇಶಕ ಮಂಡಳಿಯ ಮುಂದೆ ಬರಬೇಕಾದದ್ದು ಈ ಎರಡನೆಯ ಲೆಕ್ಕ.