ರಾಂಪುರವನ್ನು ಕಂಡ ಕಣ್ಣು

ಸಮಾಜವನ್ನೊಂದು ದೇಹವೆಂದು ಬಗೆದು, ಪ್ರತಿಯೊಂದು ಆಚಾರವೂ ಅದರ ಧಾರಣೆಗೆ ಒದಗುವ ಅಂಗವೆಂದು ಕಾಣುವ ರ‍್ಯಾಡ್‌ಕ್ಲಿಫ್-ಬ್ರೌನರ ದೃಷ್ಟಿಯನ್ನು ಆಕ್ಸ್‌ಫರ್ಡಿನಲ್ಲಿ ಅಭ್ಯಸಿಸಿ, 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ (ಅದಕ್ಕೆ ಅವರಿತ್ತ ಹೆಸರು ರಾಂಪುರ) ಬಿಡಾರ ಹೂಡಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು, ಆ ದೃಷ್ಟಿಗೆ ತಮ್ಮ ಕಣ್ಣನ್ನೇ ಒಪ್ಪಿಸಿಬಿಡಲಿಲ್ಲವೆಂಬುದು ನನ್ನ ಪಾಲಿಗೆ ಅವರ ಮಹತ್ತು. ಮಾರ್ಕ್ಸನ ಅನುಯಾಯಿಗಳು ವರ್ಗಸಂಘರ್ಷವನ್ನೂ, ಫ್ರಾನ್ಸಿನ ಲೂಯಿ ದ್ಯುಮೋ ಶುದ್ಧಾಶುದ್ಧಗಳ ಶ್ರೇಣಿಯನ್ನೂ ಮೂಲತತ್ತ್ವವಾಗಿ ಹಿಡಿದೆಡೆಯಲ್ಲಿ, ಭೂಮಿಯೂ ಜನಬಲವೂ ಕೂಡಿದ ಕುಲದ ಮುಂದೆ ಶಾಸ್ತ್ರೋಕ್ತವಾದ ಮೇಲುಕೀಳು ಹೇಗೆ ಮಣಿಯುವುದೆಂಬುದನ್ನು ಇವರು ಕಂಡರು. ‘ಪ್ರಬಲ ಜಾತಿ’ ಎಂಬ ಆ ಪರಿಕಲ್ಪನೆಗೆ ಗದ್ದೆಯ ಮಣ್ಣಿನ ವಾಸನೆಯುಂಟು. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ದುಷ್ಕರ್ಮಿಗಳಿಟ್ಟ ಬೆಂಕಿಗೆ ರಾಂಪುರವನ್ನು ಕುರಿತ ಅವರ ಪರಿಷ್ಕೃತ ಟಿಪ್ಪಣಿಗಳೆಲ್ಲ ಆಹುತಿಯಾದ ಮೇಲೆ, ಬಹುಮಟ್ಟಿಗೆ ನೆನಪನ್ನೇ ನೆಮ್ಮಿ ಅವರು ರಚಿಸಿದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು. ಅಲ್ಲಿ ಸಿದ್ಧಾಂತವು ಹಿಂದೆ ಸರಿದು ನಿಲ್ಲುತ್ತದೆ, ಊರ ಪಟೇಲನು ಮುಂದೆ ಬಂದು ಮಾತನಾಡುತ್ತಾನೆ.