ಟ್ರ್ಯಾಕ್ಟರ್ ಬುಕ್ ಮಾಡುವ ಮುನ್ನ ಹಿಂದೆ ಹೋಗಿ ನಿಲ್ಲಿ

ಗದಗ-ಬೆಟಗೇರಿಯ ಯಾವ ಟ್ರ್ಯಾಕ್ಟರ್ ಶೋರೂಮಿಗೆ ಹೋದರೂ ಜನ ನಿಲ್ಲುವುದು ಬಾನೆಟ್ಟಿನ ಮುಂದೆ. ಎಚ್‌ಪಿ ಎಷ್ಟು, ತಾಸಿಗೆ ಡೀಸೆಲ್ ಎಷ್ಟು ಕುಡಿಯುತ್ತದೆ, ಡೌನ್ ಪೇಮೆಂಟ್ ಎಷ್ಟು? ಮಾತು ಇಷ್ಟರಲ್ಲೇ ಮುಗಿದು ಅಡ್ವಾನ್ಸ್ ಕೈ ಬದಲಾಗುತ್ತದೆ. ಗಾಡಿಯ ಹಿಂದೆ ಹೋಗಿ, ಬಗ್ಗಿ, ಹುಕ್ಕು ನೋಡುವವರು ಕಡಿಮೆ. ಆದರೆ ನಮ್ಮ ಜಿಲ್ಲೆಯಲ್ಲಿ ಟ್ರ್ಯಾಕ್ಟರ್ ಹೊಲದಲ್ಲಿ ಹರಗುವಷ್ಟೇ ಹೊತ್ತು ರಸ್ತೆಯ ಮೇಲೆ ಎಳೆಯುತ್ತದೆ. ಲಕ್ಷ್ಮೇಶ್ವರದ ಗೋವಿನಜೋಳ, ಶಿರಹಟ್ಟಿಯ ಶೇಂಗಾ, ಗದಗ ಎಪಿಎಂಸಿಗೆ ಬರುವ ಉಳ್ಳಾಗಡ್ಡಿ, ಮುಂಡರಗಿ ತಾಲೂಕಿನ ಗಂಗಾಪುರದ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬು, ಎಲ್ಲವೂ ಒಂದು ಪಿನ್ನಿಗೆ ಜೋತು ಬರುತ್ತವೆ. ಆ ಪಿನ್ನಿನ ಸುತ್ತಮುತ್ತ ಏನೇನಿರಬೇಕು ಎಂಬುದನ್ನು ಬುಕಿಂಗ್ ದಿನವೇ ಹೇಳಬೇಕು. ಆಮೇಲೆ ಗ್ಯಾರೇಜಿನಲ್ಲಿ ವೆಲ್ಡ್ ಮಾಡಿಸಿದ್ದು ಕಂಪನಿಯಿಂದ ಬಂದದ್ದರ ಸಮ ಆಗುವುದಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಈಚೆಗೆ ಒಂದು ಶೋರೂಮಿನಲ್ಲಿ ಸೇಲ್ಸ್ ಹುಡುಗ ಮುಂಡರಗಿ ಕಡೆಯ ಹಿರಿಯರೊಬ್ಬರಿಗೆ ಹೇಳುತ್ತಿದ್ದ: “ಯಜಮಾನ್ರ, ಇದರ ಲಿಫ್ಟು ಎರಡು ಟನ್ ಎತ್ತತೈತ್ರಿ. ನಿಮ್ಮ ಟ್ರೇಲರ್ ಯಾವ ಲೆಕ್ಕ?” ಹಿರಿಯರು ತಲೆ ಅಲ್ಲಾಡಿಸಿದರು: “ಎತ್ತೂದು ಬ್ಯಾರೆ, ಎಳಿಯೂದು ಬ್ಯಾರೆ ತಮ್ಮಾ.” ಅವರ ಮಾತು ನೂರಕ್ಕೆ ನೂರು ಸರಿ. ಲಿಫ್ಟ್ ಕೆಪಾಸಿಟಿ ಎಂದರೆ ರಂಟಿ, ರೋಟಾವೇಟರ್ ಇಂಥವನ್ನು ಹೈಡ್ರಾಲಿಕ್ ತೋಳು ಎಷ್ಟು ಭಾರದವರೆಗೆ ಎತ್ತಬಲ್ಲದು ಎಂಬ ಲೆಕ್ಕ. ಟ್ರೇಲರಿಗೂ ಅದಕ್ಕೂ ಸಂಬಂಧವಿಲ್ಲ. ಎಳೆತದ ಲೆಕ್ಕ ಬೇಕಿದ್ದರೆ ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಯಂತ್ರ ಪರೀಕ್ಷಾ ಸಂಸ್ಥೆಯ ವರದಿ ಕೇಳಬೇಕು. ಹುಕ್ಕಿನಲ್ಲಿ ಎಷ್ಟು ಕೆಜಿ ಎಳೆಯಿತು, ವೇಟ್ ಹಾಕಿದಾಗ ಎಷ್ಟು, ಹಾಕದಿದ್ದಾಗ ಎಷ್ಟು, ಬ್ರೇಕು ಹೇಗೆ ಹಿಡಿಯಿತು ಎಂಬುದೆಲ್ಲ ಅದರಲ್ಲಿರುತ್ತದೆ. ಡೀಲರ್ ಕೊಡುವ ಬಣ್ಣದ ಕಾಗದದಲ್ಲಿ ಇದು ಸಿಗುವುದಿಲ್ಲ.

ಇನ್ನು ಹುಕ್ಕು. ಇದನ್ನು ಎಷ್ಟು ಎತ್ತರದಲ್ಲಿ ಕಟ್ಟುತ್ತೀರಿ ಎಂಬುದರ ಮೇಲೆ ಮುಂದಿನ ಗಾಲಿಯ ಹಿಡಿತ ನಿಂತಿದೆ. ಒಂದು ಲೆಕ್ಕ ಹಾಕೋಣ. 50 ಎಚ್‌ಪಿ ಆಸುಪಾಸಿನ, ಸುಮಾರು 2,100 ಕೆಜಿ ತೂಕದ ಗಾಡಿ. ಅದರಲ್ಲಿ ಮುಂದಿನ ಗಾಲಿಗಳ ಮೇಲೆ 800 ಕೆಜಿ ಇದೆ ಎನ್ನಿ. ಎರಡೂ ಅಚ್ಚುಗಳ ನಡುವಿನ ಅಂತರ 2 ಮೀಟರ್. ಹೇರಿದ ಟ್ರೇಲರ್ ಕಟ್ಟಿಕೊಂಡು ಏರು ಹತ್ತುವಾಗ ಹುಕ್ಕಿನ ಮೇಲೆ 1,000 ಕೆಜಿ ಎಳೆತ ಬಿತ್ತು. ಹುಕ್ಕು ನೆಲದಿಂದ 50 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಮುಂದಿನ ಗಾಲಿಯಿಂದ 250 ಕೆಜಿ ಹಿಂದಕ್ಕೆ ಸರಿಯುತ್ತದೆ. ಅದೇ ಹುಕ್ಕು 80 ಸೆಂಟಿಮೀಟರ್ ಎತ್ತರಕ್ಕೆ ಹೋದರೆ 400 ಕೆಜಿ. ಇದು ಬರೀ ಎಳೆತದ ಕತೆ. ಎರಡು ಗಾಲಿಯ ಟ್ರೇಲರ್ ಆದರೆ ಅದರ ಮೂತಿ ಹುಕ್ಕಿನ ಮೇಲೆ ಒರಗಿರುತ್ತದೆ. ಆ ಮೂತಿಭಾರ 800 ಕೆಜಿ ಇದ್ದು, ಹುಕ್ಕು ಹಿಂದಿನ ಅಚ್ಚಿನಿಂದ 70 ಸೆಂಟಿಮೀಟರ್ ಹಿಂದಿದ್ದರೆ ಮತ್ತೆ 280 ಕೆಜಿ ಹೋಯಿತು. ಎತ್ತರದ ಹುಕ್ಕಿನ ಗಾಡಿಗೆ ಮುಂದೆ ಉಳಿದದ್ದು 120 ಕೆಜಿ. ಏರಿನ ಓರೆ ಅದನ್ನೂ ಇನ್ನಷ್ಟು ಕಡಿಮೆ ಮಾಡುತ್ತದೆ. ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗದೆ ನೇರ ಹೋಗುವುದು ಇದೇ ಕಾರಣಕ್ಕೆ.

ಆದ್ದರಿಂದ ಕೇಳಬೇಕಾದ್ದು ಎರಡು. ಹುಕ್ಕನ್ನು ಮೇಲೆ ಕೆಳಗೆ ಮಾಡುವ ತೂತುಗಳಿವೆಯೇ? ಮುಂದೆ ಬಂಪರ್ ವೇಟ್ ಕಂಪನಿಯಿಂದಲೇ ಬರುತ್ತದೆಯೇ? ಮುಂದಿನ ಅಚ್ಚಿಗಿಂತ ಮುಂದೆ ಕೂರುವ ಆ ಕಬ್ಬಿಣ ತನ್ನ ತೂಕಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಲಿಫ್ಟಿನ ಎರಡು ತೋಳುಗಳ ನಡುವಿನ ತೂತಿನ ಪಟ್ಟಿಗೆ ಟ್ರೇಲರ್ ಸಿಕ್ಕಿಸುವವರನ್ನು ಇಂದಿಗೂ ನೋಡುತ್ತೇನೆ, ನೋಡಿದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ. ಹೂತ ಟ್ರೇಲರ್ ಎಳೆಯಲು ಡ್ರೈವರ್ ಲಿಫ್ಟ್ ಎತ್ತಿದರೆ ಎಳೆತದ ಜಾಗವೂ ಮೇಲೇರಿ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಡ್ರೈವರ್ ಕೂತಿರುವುದು ಸರಿಯಾಗಿ ಅದರ ಅಡಿಗೆ.

ಹಾಗೆಂದು ಮೂತಿಭಾರ ಕೆಟ್ಟದ್ದಲ್ಲ. ಚಕ್ಕಡಿ ಹೂಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಮೂಕಿ ಭಾರವಾದರೆ ಎತ್ತಿನ ಹೆಗಲು ಬಾಯುತ್ತಿತ್ತು, ಹಿಂಭಾರವಾದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತಿತ್ತು. ಟ್ರೇಲರಿನಲ್ಲೂ ಹೇರು ಅಚ್ಚಿನ ಹಿಂದಕ್ಕೆ ಬಿದ್ದರೆ ಹುಕ್ಕು ಮೇಲಕ್ಕೆ ಜಗ್ಗಿ ದೊಡ್ಡ ಗಾಲಿಗಳು ಜಾರುತ್ತವೆ. ಹತ್ತಿಯಂಥ ಹಗುರ ಮಾಲು ಹೇರುವವರಿಗೆ ಎರಡು ಗಾಲಿಯ ಟ್ರೇಲರ್ ಸಾಕು. ಕಬ್ಬು, ಮರಳು, ಗೋವಿನಜೋಳದ ಚೀಲ ಹೇರುವವರು ನಾಲ್ಕು ಗಾಲಿಯದನ್ನೇ ಕೊಳ್ಳಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರ ಭಾರವನ್ನು ಅದರ ಗಾಲಿಗಳೇ ಹೊರುತ್ತವೆ. ಅದನ್ನು ರಿವರ್ಸ್ ತೆಗೆದುಕೊಳ್ಳುವುದು ಕಷ್ಟ, ಅದೊಂದು ಕಲಿಯಬೇಕಾದ ಕೆಲಸ.

ಎಳೆಯುವುದಕ್ಕಿಂತ ನಿಲ್ಲಿಸುವುದು ದೊಡ್ಡ ಮಾತು. ನಮ್ಮಲ್ಲಿ ಓಡಾಡುವ ಬಹುಪಾಲು ಟ್ರೇಲರ್‌ಗಳಿಗೆ ಬ್ರೇಕೇ ಇಲ್ಲ. ಹತ್ತು ಟನ್ ಹೇರನ್ನು ಎರಡು ಟನ್ನಿನ ಟ್ರ್ಯಾಕ್ಟರ್ ಒಂದೇ ಹಿಡಿದು ನಿಲ್ಲಿಸಬೇಕು. ಡೋಣಿ ಕಡೆ ಕಪ್ಪತಗುಡ್ಡದ ಮಗ್ಗುಲಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಹಿಂದಿನ ಭಾರ ನುಗ್ಗಿ ಬಂದು ಟ್ರ್ಯಾಕ್ಟರಿನ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ಟ್ರ್ಯಾಕ್ಟರೂ ಟ್ರೇಲರೂ ಕತ್ತರಿಯಂತೆ ಮಡಚಿದ ಅಪಘಾತಗಳ ಹಿಂದಿರುವುದು ಇದೇ. ಕೆಲವು ಕಂಪನಿಗಳು ಕೆಲವು ಮಾಡೆಲ್‌ಗಳಿಗೆ ಟ್ರೇಲರ್ ಬ್ರೇಕಿನ ವ್ಯವಸ್ಥೆ ಕೊಡುತ್ತವೆ. ಪೆಡಲ್ ಒತ್ತಿದರೆ ಗಾಳಿ ಅಥವಾ ಆಯಿಲ್ ಪೈಪಿನಲ್ಲಿ ಹಿಂದಕ್ಕೆ ಹೋಗಿ ಟ್ರೇಲರಿನ ಗಾಲಿಯನ್ನೂ ಹಿಡಿಯುತ್ತದೆ. ಕಬ್ಬಿನ ಹಂಗಾಮಿಗೆಂದೇ ಗಾಡಿ ಕೊಳ್ಳುವವರು ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬಾರದು. ಟ್ರೇಲರ್ ಮಾಡಿಸುವಾಗ ಅದರ ಅಚ್ಚಿಗೂ ಬ್ರೇಕ್ ಡ್ರಮ್ ಹಾಕಿಸಿ, ಪೈಪಿನ ಜೋಡಣೆ ಎರಡಕ್ಕೂ ಹೊಂದುವಂತೆ ನೋಡಿಕೊಳ್ಳಬೇಕು. ಎರಡು ಟ್ರೇಲರ್ ಕಟ್ಟುವವರಂತೂ ಈ ಬ್ರೇಕಿಲ್ಲದೆ ರಸ್ತೆಗೆ ಇಳಿಯಬಾರದು.

ಟ್ರ್ಯಾಕ್ಟರಿನ ಬ್ರೇಕು ಆಯಿಲ್ ಬ್ರೇಕೇ ಇರಲಿ. ಡ್ರೈ ಬ್ರೇಕಿಗಿಂತ ಅದು ಕಾಯುವುದು ಕಡಿಮೆ, ಮಸಾರಿಯ ಧೂಳೂ ಒಳಗೆ ಹೋಗದು. ಎಡ-ಬಲ ಪೆಡಲ್ ಜೋಡಿಸುವ ಕೊಂಡಿಯನ್ನು ಶೋರೂಮಿನಲ್ಲೇ ಹಾಕಿ ತೆಗೆದು ನೋಡಿ. ಹೊಲದಲ್ಲಿ ತಿರುಗಿಸಲು ಬಿಡಿಸಿಟ್ಟ ಕೊಂಡಿಯನ್ನು ಹಾಕದೆ ಡಾಂಬರು ರಸ್ತೆಗೆ ಬಂದು ಒಂದೇ ಪೆಡಲ್ ಒತ್ತಿದರೆ ಗಾಡಿ ಅಲ್ಲೇ ಅಡ್ಡ ತಿರುಗುತ್ತದೆ.

ಟಿಪ್ಪಿಂಗ್ ಟ್ರೇಲರ್ ಬೇಕಿದ್ದವರು ಹೈಡ್ರಾಲಿಕ್ ಪೈಪ್ ಸಿಕ್ಕಿಸುವ ಹೆಚ್ಚಿನ ವಾಲ್ವನ್ನು ಕಂಪನಿಯಿಂದಲೇ ಹಾಕಿಸಿಕೊಳ್ಳಲಿ. ಪವರ್ ಸ್ಟೇರಿಂಗ್ ಈಗ ಬಹುತೇಕ ಎಲ್ಲದರಲ್ಲೂ ಬರುತ್ತದೆ, ಡಬಲ್ ಕ್ಲಚ್ಚು ಬೇಕಾಗುವುದು ರೋಟಾವೇಟರಿನಂಥ ಪಿಟಿಒ ಕೆಲಸದವರಿಗೆ.

ಗಾಲಿಯ ಆಯ್ಕೆ ಮಾತ್ರ ಊರಿನಿಂದ ಊರಿಗೆ ಬೇರೆ. ಗದಗ, ಲಕ್ಷ್ಮೇಶ್ವರದ ಎರಿಯಲ್ಲಿ ಒಂದು ಮಳೆ ಬಿದ್ದರೆ ಹೊಲದಿಂದ ಹೇರು ಹೊರಗೆ ತರುವುದೇ ದೊಡ್ಡ ಸಾಹಸ. ಅಲ್ಲಿ 14.9-28ರ ಬದಲು 16.9-28 ಟೈರು ಸಿಗುವುದಾದರೆ ತೆಗೆದುಕೊಳ್ಳಿ, ಅಗಲ ಹೆಚ್ಚಾದಷ್ಟು ಹೂಳುವುದು ಕಡಿಮೆ. ಕೈಯಲ್ಲಿ ಹಣವಿದ್ದರೆ ಫೋರ್ ವೀಲ್ ಡ್ರೈವ್ ಕೂಡ. ಮುಂದಿನ ಗಾಲಿಯೂ ಎಳೆಯುತ್ತದೆ, ಮುಂಭಾಗದ ತೂಕವೂ ಹೆಚ್ಚಿರುತ್ತದೆ. ಗಟ್ಟಿ ಡಾಂಬರಿನ ಮೇಲೆ ಅದನ್ನು ಹಾಕಿಟ್ಟರೆ ಟೈರು ಬೇಗ ಸವೆಯುತ್ತದೆ, ಅಲ್ಲಿ ತೆಗೆದೇ ಓಡಿಸಬೇಕು. ಶಿರಹಟ್ಟಿ, ಮುಂಡರಗಿಯ ಮಸಾರಿಯಲ್ಲಿ ಟೂ ವೀಲ್ ಡ್ರೈವೇ ಸಾಕು. ಅಲ್ಲಿ ಆ ದುಡ್ಡನ್ನು ಬ್ರೇಕಿಗೆ, ಬಂಪರ್ ವೇಟಿಗೆ ಹಾಕುವುದು ಲೇಸು. ತುಂಗಭದ್ರೆಯ ದಂಡೆಯಲ್ಲಿ ಕೊರ್ಲಹಳ್ಳಿಯ ಕಡೆ ಕಬ್ಬಿನ ಗದ್ದೆಯೊಳಗೇ ಟ್ರೇಲರ್ ಇಳಿಸುವವರಿಗೆ ಮಾತ್ರ ಈ ಮಾತು ಅನ್ವಯಿಸದು. ನೀರು ಕುಡಿದ ಆ ನೆಲ ಎರಿಯಷ್ಟೇ ಕಾಡುತ್ತದೆ.

ಹಿಂದಿನ ಏಳು ಪಿನ್ನಿನ ಲೈಟ್ ಸಾಕೆಟ್ ಮರೆಯಬೇಡಿ. ಕಬ್ಬಿನ ಟ್ರೇಲರ್ ರಾತ್ರಿ ಕತ್ತಲಲ್ಲಿ ಲೈಟಿಲ್ಲದೆ ರಸ್ತೆಯಲ್ಲಿ ನಿಂತು, ಹಿಂದಿನಿಂದ ಬಂದ ಬೈಕ್ ಸವಾರ ಅದಕ್ಕೆ ಬಡಿದು ಜೀವ ಬಿಟ್ಟ ಸುದ್ದಿ ಪ್ರತಿ ಹಂಗಾಮಿನಲ್ಲೂ ಓದುತ್ತೇವೆ. ಸಾಕೆಟ್ ಬಹಳ ಗಾಡಿಗಳಿಗೆ ಕಂಪನಿಯಿಂದಲೇ ಬರುತ್ತದೆ, ಟ್ರೇಲರಿನ ಕಡೆಯ ವೈರು ಮಾತ್ರ ಯಾರೂ ಎಳೆಸುವುದಿಲ್ಲ. ಎಳೆಸಿ, ರಿಫ್ಲೆಕ್ಟರ್ ಪಟ್ಟಿ ಅಂಟಿಸಿ. ಕೆಎ 26ರ ನೋಂದಣಿ, ವಿಮೆ ಮಾಡಿಸುವಾಗ ಟ್ರೇಲರಿನದನ್ನೂ ಬೇರೆಯಾಗಿ ಮಾಡಿಸಿ.

ಇಷ್ಟಕ್ಕೆಲ್ಲ ಹಣ ಎಲ್ಲಿಂದ ಎನ್ನುವವರಿಗೆ ಒಂದು ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ತೆರಿಗೆಗೆ ಮುಂಚಿನ ಬೆಲೆ 8 ಲಕ್ಷ ರೂಪಾಯಿ ಇರುವ ಗಾಡಿಗೆ 56 ಸಾವಿರ ಉಳಿಯಿತು. ಅದನ್ನು ಮ್ಯೂಸಿಕ್ ಸಿಸ್ಟಮ್ಮಿಗೆ, ಸ್ಟಿಕ್ಕರಿಗೆ ಸುರಿಯುವ ಬದಲು ಹುಕ್ಕಿನ ಹತ್ತಿರ ಹಾಕಿ. ಬೇಕಾದ್ದನ್ನು ಬಾಯಿಮಾತಿನಲ್ಲಿ ಬಿಡದೆ ಕೊಟೇಶನ್ನಿನಲ್ಲಿ ಒಂದೊಂದಾಗಿ ಬರೆಸಿಕೊಳ್ಳಿ: ಹುಕ್ಕಿನ ಮಾದರಿ, ಟ್ರೇಲರ್ ಬ್ರೇಕು, ವೇಟು, ವಾಲ್ವು, ಟೈರಿನ ಅಳತೆ. ಸ್ಟಾಕಿನಲ್ಲಿರುವ ಗಾಡಿಯನ್ನೇ ಇವತ್ತೇ ಒಯ್ಯಿರಿ ಎಂದು ಡೀಲರ್ ಒತ್ತಾಯ ಮಾಡಿಯೇ ಮಾಡುತ್ತಾನೆ. ಹಂಗಾಮು ತಲೆಯ ಮೇಲೆ ಬಂದಿರದಿದ್ದರೆ ನಿಮಗೆ ಬೇಕಾದ ಗಾಡಿ ತರಿಸುವವರೆಗೆ ಕಾಯಿರಿ. ಡೆಲಿವರಿ ದಿನ ತೆಂಗಿನಕಾಯಿ ಒಡೆಯುವುದಕ್ಕೆ ಮೊದಲು ಆ ಕಾಗದ ಕೈಯಲ್ಲಿ ಹಿಡಿದು ಒಂದೊಂದನ್ನೂ ಮುಟ್ಟಿ ನೋಡಿ, ಪಿನ್ನು ಹಾಕಿ ಅಲ್ಲಾಡಿಸಿ. ಹೊಸ ಗಾಡಿಯ ಪಿನ್ನು ತೂತಿನಲ್ಲಿ ಲೊಡಲೊಡ ಎನ್ನುತ್ತಿದ್ದರೆ ಸರಿಯಾದ ಪಿನ್ನು ಕೊಡುವವರೆಗೆ ಸಹಿ ಹಾಕಬೇಡಿ.